ಲೈಸೆನ್ಸ್ ಓದುವ ಕೆಲಸ ನಮ್ಮದೇ: ಟೆಕ್ ಲೀಡ್‌ಗಳಿಗೊಂದು ಬಹಿರಂಗ ಪತ್ರ

ಪುಲ್ ರಿಕ್ವೆಸ್ಟ್‌ಗಳಿಗೆ ಕೊನೆಯ ಒಪ್ಪಿಗೆ ಕೊಡುವ ಟೆಕ್ ಲೀಡ್‌ಗಳಿಗೆ, ಆರ್ಕಿಟೆಕ್ಟ್‌ಗಳಿಗೆ, ಸಣ್ಣ ಕಂಪನಿಗಳಲ್ಲಿ ಈ ಎರಡೂ ಕೆಲಸವನ್ನು ಒಬ್ಬರೇ ನಿಭಾಯಿಸುತ್ತಿರುವವರಿಗೆ,



ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಕೂತು ಎಲ್ಲೆಲ್ಲಿಯದೋ ಗಿರಾಕಿಗಳಿಗೆ ಸಾಫ್ಟ್‌ವೇರ್ ಕಟ್ಟಿಕೊಡುವವರು ನೀವು. ಈ ಪತ್ರವನ್ನು ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಂಪನಿಯ ಲಾಯರಿಗೆ ಕಾಂಟ್ರ್ಯಾಕ್ಟ್ ಗೊತ್ತು, ಕೋಡ್ ಗೊತ್ತಿರುವುದಿಲ್ಲ. ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಕೋಡ್ ಗೊತ್ತು, ಲೈಸೆನ್ಸ್ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಎರಡೂ ಕಡೆಯ ಮಾತು ಅರ್ಥವಾಗುವವರು ನೀವೊಬ್ಬರೇ. ಹೊಸ ಲೈಬ್ರರಿಯೊಂದನ್ನು ಪ್ರಾಜೆಕ್ಟಿಗೆ ಸೇರಿಸುವ ಪುಲ್ ರಿಕ್ವೆಸ್ಟ್ ನಿಮ್ಮ ಮುಂದೆ ಬಂದ ಹೊತ್ತಿನಲ್ಲೇ ಅದರ ಲೈಸೆನ್ಸನ್ನೂ, ಅದು ಜೊತೆಗೆ ಎಳೆದು ತರುವ ಬೇರೆ ಲೈಬ್ರರಿಗಳ ಲೈಸೆನ್ಸನ್ನೂ ಓದಿ ಎಂದು ಕೇಳಿಕೊಳ್ಳುತ್ತೇನೆ. ರಿಲೀಸ್ ಹತ್ತಿರ ಬಂದಾಗ, ಅಥವಾ ಗಿರಾಕಿಯ ಆಡಿಟ್ ತಂಡ ಪಟ್ಟಿ ಕೇಳಿದ ಮೇಲೆ ಓದಿದರೆ, ಆಗ ಉಳಿದಿರುವುದು ಕೆಟ್ಟ ಆಯ್ಕೆಗಳು ಮಾತ್ರ.

2021ರ ಮಾರ್ಚ್ ಕೊನೆಯ ವಾರದಲ್ಲಿ ರೂಬಿ ಆನ್ ರೈಲ್ಸ್ ಬಳಸುವ ತಂಡಗಳಿಗೆ ಏನಾಯಿತೆಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹಿಂದಿನ ದಿನದವರೆಗೆ ಸಲೀಸಾಗಿ ಆಗುತ್ತಿದ್ದ ಬಿಲ್ಡ್ ಇದ್ದಕ್ಕಿದ್ದಂತೆ ನಿಂತಿತು. ಕೋಡನ್ನು ಯಾರೂ ಮುಟ್ಟಿರಲಿಲ್ಲ. ಲಾಕ್‌ಫೈಲ್‌ನಲ್ಲಿ ನಮೂದಾಗಿದ್ದ ಮೈಮ್‌ಮ್ಯಾಜಿಕ್ ಎಂಬ ಪುಟ್ಟ ಜೆಮ್‌ನ 0.3.5 ಆವೃತ್ತಿ ರೂಬಿಜೆಮ್ಸ್‌ನಲ್ಲಿ ಸಿಗುತ್ತಿಲ್ಲ ಎಂದು ಎರರ್ ಬರುತ್ತಿತ್ತು. ಆ ಜೆಮ್‌ನ ಹೆಸರನ್ನು ಅನೇಕರು ಅವತ್ತೇ ಮೊದಲ ಸಲ ಕೇಳಿದ್ದು. ಅದನ್ನು ಅವರು ತಾವಾಗಿ ಸೇರಿಸಿಕೊಂಡಿರಲಿಲ್ಲ. ರೈಲ್ಸ್‌ನೊಳಗಿನ ಆಕ್ಟಿವ್ ಸ್ಟೋರೇಜ್‌ಗೆ ಮಾರ್ಸೆಲ್ ಬೇಕು, ಮಾರ್ಸೆಲ್‌ಗೆ ಮೈಮ್‌ಮ್ಯಾಜಿಕ್ ಬೇಕು. ಯಾರಾದರೂ ಫೈಲ್ ಅಪ್‌ಲೋಡ್ ಮಾಡಿದರೆ ಅದು ಚಿತ್ರವೋ ಪಿಡಿಎಫ್‌ಓ ಎಂದು ಗುರುತಿಸುವುದಷ್ಟೇ ಅದರ ಕೆಲಸ.

ಮೈಮ್‌ಮ್ಯಾಜಿಕ್‌ನ ಲೈಸೆನ್ಸ್ ಎಂಐಟಿ ಎಂದೇ ಎಲ್ಲ ಕಡೆ ನಮೂದಾಗಿತ್ತು. ಆದರೆ ಅದರೊಳಗೆ ಫೈಲ್ ಬಗೆಗಳನ್ನು ಗುರುತಿಸುವ ನಿಯಮಗಳ ಒಂದು ಎಕ್ಸ್‌ಎಂಎಲ್ ಪಟ್ಟಿಯಿತ್ತು. ಆ ಪಟ್ಟಿ ಬಂದದ್ದು ಫ್ರೀಡೆಸ್ಕ್‌ಟಾಪ್ ಯೋಜನೆಯ ಶೇರ್ಡ್-ಮೈಮ್-ಇನ್ಫೋದಿಂದ. ಅದರ ಲೈಸೆನ್ಸ್ ಜಿಪಿಎಲ್. ಮೂಲ ಫೈಲಿನ ತಲೆಭಾಗದಲ್ಲೇ ಹಾಗೆಂದು ಬರೆದಿದೆ. ಶೇರ್ಡ್-ಮೈಮ್-ಇನ್ಫೋ ನೋಡಿಕೊಳ್ಳುವವರು ಈ ಸಂಗತಿಯನ್ನು ಮೈಮ್‌ಮ್ಯಾಜಿಕ್‌ನ ಕರ್ತೃವಿನ ಗಮನಕ್ಕೆ ತಂದರು. ಅವರು ವಾದಕ್ಕೆ ಇಳಿಯಲಿಲ್ಲ. ಹೊಸ ಆವೃತ್ತಿಯನ್ನು ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿ, ಎಂಐಟಿ ಎಂದು ಹೇಳಿಕೊಳ್ಳುತ್ತಿದ್ದ ಹಳೆಯವನ್ನು ರೂಬಿಜೆಮ್ಸ್‌ನಿಂದ ಹಿಂದಕ್ಕೆ ತೆಗೆದುಕೊಂಡರು. ಬಿಲ್ಡ್‌ಗಳು ಬಿದ್ದದ್ದು ಅದಕ್ಕೇ.

ಅವತ್ತು ಬಹಳ ಮಂದಿಯ ಸಿಟ್ಟು ಹರಿದದ್ದು ಆ ಕರ್ತೃವಿನ ಕಡೆಗೆ. ಹಳೆಯ ಆವೃತ್ತಿಗಳನ್ನು ತೆಗೆಯದೆ ಇರಬಹುದಿತ್ತಲ್ಲ ಎಂದು ನನ್ನ ಜೊತೆಯವರೂ ಹೇಳಿದ್ದರು. ನನಗೆ ಹಾಗನ್ನಿಸುವುದಿಲ್ಲ. ತಪ್ಪು ಲೈಸೆನ್ಸ್ ಹಚ್ಚಿದ ಫೈಲನ್ನು ತಾನು ಹಂಚುತ್ತಿದ್ದೇನೆ ಎಂದು ತಿಳಿದ ಮೇಲೂ ಹಂಚುತ್ತಲೇ ಇರಬೇಕು ಎಂದು ಬಿಟ್ಟಿಯಾಗಿ ಕೆಲಸ ಮಾಡುವ ಒಬ್ಬರನ್ನು ಕೇಳಲು ನಮಗೆ ಯಾವ ಹಕ್ಕಿದೆ? ಆ ಪಟ್ಟಿ ವರ್ಷಗಟ್ಟಲೆ ನಮ್ಮೆಲ್ಲರ ಸರ್ವರ್‌ಗಳಲ್ಲಿ ಇತ್ತು. ತೆರೆದು ನೋಡುವ ಅವಕಾಶ ನಮಗೂ ಇತ್ತು.

ಮಾರ್ಚ್ 26ಕ್ಕೆ ರೈಲ್ಸ್ ತಂಡ 5.2.5, 6.0.3.6, 6.1.3.1 ಎಂಬ ಮೂರು ಆವೃತ್ತಿಗಳನ್ನು ಬಿಟ್ಟಿತು. ಮಾರ್ಸೆಲ್ ಮೈಮ್‌ಮ್ಯಾಜಿಕ್ ಅನ್ನು ಕೈಬಿಟ್ಟು, ಅಪಾಚೆ ಲೈಸೆನ್ಸಿನ ಟಿಕಾ ಯೋಜನೆಯ ಪಟ್ಟಿಗೆ ಬದಲಾಗಿತ್ತು. ಅತ್ತ ಮೈಮ್‌ಮ್ಯಾಜಿಕ್ ಕೂಡ ಆ ಪಟ್ಟಿಯನ್ನು ತನ್ನೊಳಗೆ ಇಟ್ಟುಕೊಳ್ಳುವುದನ್ನು ನಿಲ್ಲಿಸಿ, ಬಳಸುವವರ ಕಂಪ್ಯೂಟರಿನಲ್ಲಿ ಮೊದಲೇ ಇರುವುದನ್ನು ಓದಿಕೊಳ್ಳುವಂತೆ ಬದಲಾಗಿ ಎಂಐಟಿಗೆ ಮರಳಿತು. ಒಂದೇ ವಾರದಲ್ಲಿ ಒಂದೇ ತೊಡಕಿಗೆ ಮೂರು ಉತ್ತರಗಳು ಬಂದವು: ಲೈಸೆನ್ಸ್ ಬದಲಿಸುವುದು, ತಗಾದೆಯ ಭಾಗವನ್ನು ಬದಲಿಸುವುದು, ಅದನ್ನು ಬೇರ್ಪಡಿಸಿ ಹೊರಗಿಡುವುದು.

ಇಷ್ಟು ವಿವರವಾಗಿ ಬರೆದದ್ದು ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ನಂಬಿಕೊಂಡಿರುವ ಹಲವು ಸಂಗತಿಗಳು ಒಟ್ಟಿಗೇ ಸುಳ್ಳಾದವು ಎಂಬ ಕಾರಣಕ್ಕೆ. ಲೈಸೆನ್ಸ್ ಅನ್ವಯಿಸುವುದು ಕೋಡಿಗೆ ಮಾತ್ರ ಎಂದುಕೊಂಡಿದ್ದೇವೆ. ಅಲ್ಲಿ ತೊಡಕು ತಂದದ್ದು ಬರೀ ಒಂದು ಡೇಟಾ ಫೈಲ್. ಪ್ಯಾಕೇಜಿನ ಮೆಟಾಡೇಟಾದಲ್ಲಿ ಇರುವ ಲೈಸೆನ್ಸ್ ಹೆಸರನ್ನು ನಂಬಬಹುದು ಎಂದುಕೊಂಡಿದ್ದೇವೆ. ಆ ಹೆಸರನ್ನಷ್ಟೇ ಓದುವ ಸ್ಕ್ಯಾನರ್ ಅವತ್ತು ಎಲ್ಲವೂ ಸರಿ ಎಂದೇ ಹೇಳುತ್ತಿತ್ತು. ನಾವೇ ಆರಿಸಿಕೊಂಡ ಲೈಬ್ರರಿಗಳನ್ನು ನೋಡಿಕೊಂಡರೆ ಸಾಕು ಎಂದುಕೊಂಡಿದ್ದೇವೆ. ಇದು ಬಂದದ್ದು ಮೂರನೇ ಮೆಟ್ಟಿಲಿನಿಂದ.

ಈಗ ಸಂಘರ್ಷ ಅಂದರೆ ನಿಖರವಾಗಿ ಏನು ಎಂಬುದನ್ನು ನೋಡೋಣ. ಕೆಲವರು ಜಿಪಿಎಲ್ ಎಂಬ ಮೂರಕ್ಷರ ಕಂಡೊಡನೆ ಹೆದರುತ್ತಾರೆ, ಎಂಐಟಿ ಕಂಡೊಡನೆ ನಿಶ್ಚಿಂತರಾಗುತ್ತಾರೆ. ಎರಡೂ ಸರಿಯಲ್ಲ. ಒಂದು ಲೈಸೆನ್ಸ್ ಇನ್ನೊಂದಕ್ಕಿಂತ ಕೆಟ್ಟದ್ದು ಎಂಬ ಪ್ರಶ್ನೆಯೇ ಇಲ್ಲಿಲ್ಲ. ಒಂದೇ ಪ್ರೋಗ್ರಾಮಿನೊಳಗೆ ಬಂದು ಕೂತ ಎರಡು ಲೈಸೆನ್ಸ್‌ಗಳ ಷರತ್ತುಗಳನ್ನು ಒಟ್ಟಿಗೆ ಪಾಲಿಸಲು ಸಾಧ್ಯವಾಗದಿದ್ದರೆ ಅದು ಸಂಘರ್ಷ. ಬಾಡಿಗೆಗೆ ಇರುವವರು ಮನೆಯ ಒಂದು ಕೋಣೆಯನ್ನು ಒಳಬಾಡಿಗೆಗೆ ಕೊಡುವಾಗ ಮಾಲೀಕರು ತಮಗೆ ಕೊಡದ ಹಕ್ಕನ್ನು ಇನ್ನೊಬ್ಬರಿಗೆ ಕೊಡಲಾರರು. ಎಂಐಟಿ ಕೋಡನ್ನು ಜಿಪಿಎಲ್ ಪ್ರೋಗ್ರಾಮಿನೊಳಗೆ ಸೇರಿಸಬಹುದು, ಜಿಪಿಎಲ್ ಕೋಡನ್ನು ಸೇರಿಸಿಕೊಂಡು ಇಡೀ ಪ್ರೋಗ್ರಾಮನ್ನು ಎಂಐಟಿ ಎಂದು ಕೊಡಲಾಗದು. ಹೊಂದಾಣಿಕೆ ಒಂದೇ ದಿಕ್ಕಿನದು.

ಎರಡೂ ಮುಕ್ತ ಲೈಸೆನ್ಸ್‌ಗಳಾದರೂ ಜಗಳ ಆಗುತ್ತದೆ. ಜಿಪಿಎಲ್ 2ನೇ ಆವೃತ್ತಿಯ 6ನೇ ಕಲಮು, ಪ್ರೋಗ್ರಾಮನ್ನು ಮುಂದಕ್ಕೆ ಕೊಡುವವರು ಪಡೆಯುವವರ ಮೇಲೆ ತಮ್ಮದೇ ಹೆಚ್ಚುವರಿ ನಿರ್ಬಂಧ ಹೇರಬಾರದು ಎನ್ನುತ್ತದೆ. ಅಪಾಚೆ 2.0ರಲ್ಲಿ, ಆ ಸಾಫ್ಟ್‌ವೇರಿನ ವಿಚಾರವಾಗಿ ಪೇಟೆಂಟ್ ಮೊಕದ್ದಮೆ ಹೂಡಿದವರಿಗೆ ಕೊಟ್ಟಿದ್ದ ಪೇಟೆಂಟ್ ಅನುಮತಿ ರದ್ದಾಗುತ್ತದೆ ಎಂಬ ಮಾತಿದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಅಭಿಪ್ರಾಯದಲ್ಲಿ ಅದು ಹೆಚ್ಚುವರಿ ನಿರ್ಬಂಧವೇ. ಹಾಗಾಗಿ 2ನೇ ಆವೃತ್ತಿ ಮಾತ್ರ ಎಂದಿರುವ ಕೋಡಿನ ಜೊತೆ ಅಪಾಚೆ 2.0 ಕೂಡುವುದಿಲ್ಲ. 2007ರಲ್ಲಿ ಬಂದ ಜಿಪಿಎಲ್ 3ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಲೈಸೆನ್ಸ್ ಟಿಪ್ಪಣಿಯಲ್ಲಿ ‘ಅಥವಾ ನಂತರದ ಯಾವುದೇ ಆವೃತ್ತಿ’ ಎಂಬ ಮಾತು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ರಿಲೀಸ್ ನಿಂತಿರುತ್ತದೆ. ರಸ್ಟ್ ಭಾಷೆಯವರು ತಮ್ಮ ಕೋಡನ್ನು ಎಂಐಟಿ ಅಥವಾ ಅಪಾಚೆ, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಕೊಡುವುದರಿಂದ ಈ ತೊಡಕು ತಪ್ಪುತ್ತದೆ. ಒಬ್ಬ ಬಳಕೆದಾರರೂ ಹೊರಗೆ ಉಳಿಯದಿರಲಿ ಎಂದು ಯೋಚಿಸಿ ಮಾಡುವ ಇಂಥ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ.

‘ನಾವು ಪ್ರಾಡಕ್ಟ್ ಮಾರುವವರಲ್ಲ, ಸರ್ವಿಸ್ ಕೊಡುವವರು, ಇದೆಲ್ಲ ನಮಗೆ ಬರುವುದಿಲ್ಲ’ ಎಂಬ ಮಾತು ನಮ್ಮ ಊರಿನಲ್ಲಿ ಬಹಳ ಕೇಳುತ್ತೇನೆ. ಜಿಪಿಎಲ್‌ನ ಷರತ್ತುಗಳು ಜಾರಿಗೆ ಬರುವುದು ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಹಂಚಿದಾಗ ಎಂಬುದು ನಿಜ. ನಿಮ್ಮ ಕಂಪನಿಯ ಒಳಗೇ ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹಂಚುವುದು ಅಂದರೆ ಯಾವುದೆಂದು ಸ್ವಲ್ಪ ನೋಡಿ. ಗಿರಾಕಿಗೆ ಜಿಪ್ ಫೈಲ್ ಕಳಿಸಿದರೆ ಅದು ಹಂಚಿಕೆ. ಪ್ಲೇ ಸ್ಟೋರಿಗೆ ಆ್ಯಪ್ ಏರಿಸಿದರೆ ಹಂಚಿಕೆ. ಬ್ರೌಸರಿಗೆ ಹೋಗುವ ಜಾವಾಸ್ಕ್ರಿಪ್ಟ್ ಬಂಡಲ್ ಹಂಚಿಕೆ. ಗಿರಾಕಿಯ ರಿಜಿಸ್ಟ್ರಿಗೆ ಡಾಕರ್ ಇಮೇಜ್ ತಳ್ಳಿದರೆ ಅದೂ ಹಂಚಿಕೆಯೇ; ನೀವು ಬರೆದ ನಾಲ್ಕು ಫೈಲ್‌ಗಳ ಜೊತೆಗೆ ಆಲ್ಪೈನ್ ಲಿನಕ್ಸ್‌ನೊಳಗಿನ ಬಿಜಿಬಾಕ್ಸ್ ಕೂಡ ಹೋಗುತ್ತದೆ. ಬಿಜಿಬಾಕ್ಸ್‌ನದು ಜಿಪಿಎಲ್ 2ನೇ ಆವೃತ್ತಿ. ಅಮೆರಿಕದ ಕೋರ್ಟುಗಳಲ್ಲಿ 2007ರಿಂದ ಜಿಪಿಎಲ್ ಪಾಲನೆಗಾಗಿ ಹೂಡಿದ ಮೊಕದ್ದಮೆಗಳ ಸರಣಿ ಶುರುವಾದದ್ದು ಅದೇ ಬಿಜಿಬಾಕ್ಸ್‌ನಿಂದ.

ಸರಪಳಿಯ ಮಧ್ಯದಲ್ಲಿ ಇರುವವರಿಗೆ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರಿನ ಕಥೆಗಿಂತ ಒಳ್ಳೆಯ ಪಾಠ ಇಲ್ಲ. 2003ರಲ್ಲಿ ಸಿಸ್ಕೋ ಕಂಪನಿ ಲಿಂಕ್‌ಸಿಸ್ ಅನ್ನು ಕೊಂಡಿತು. ಅದೇ ವರ್ಷ ಆ ರೂಟರಿನ ಒಳಗೆ ಲಿನಕ್ಸ್ ಇದೆ, ಸೋರ್ಸ್ ಕೋಡ್ ಕೊಟ್ಟಿಲ್ಲ ಎಂಬುದು ಬಯಲಾಯಿತು. ಚಿಪ್ ಬ್ರಾಡ್‌ಕಾಮ್‌ನದು. ಚಿಪ್ಪಿನ ಜೊತೆ ಬಂದ ಸಾಫ್ಟ್‌ವೇರಿನ ಕೆಲಸದಲ್ಲಿ ಇನ್ನೂ ಬೇರೆಯವರ ಕೈಯಿತ್ತು. ಕಂಪನಿಯನ್ನು ಕೊಂಡ ಸಿಸ್ಕೋಗೆ ಒಳಗೇನಿದೆ ಎಂದು ತಿಳಿದಿರಲಿಲ್ಲ, ಆದರೆ ಉತ್ತರ ಕೊಡಬೇಕಾಗಿ ಬಂದದ್ದು ಅದಕ್ಕೇ. ಕೊನೆಗೆ ಸೋರ್ಸ್ ಹೊರಗೆ ಬಂತು. ಅದನ್ನು ಆಧರಿಸಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಅದು ಇವತ್ತಿಗೂ ಅಸಂಖ್ಯ ರೂಟರ್‌ಗಳಲ್ಲಿ ಓಡುತ್ತಿದೆ. ಆ ಸರಪಳಿಯಲ್ಲಿ ಚಿಪ್ಪಿನ ಕಂಪನಿಗೆ ಕೋಡ್ ಬರೆದುಕೊಟ್ಟವರ ಜಾಗದಲ್ಲಿ ಇವತ್ತು ನಮ್ಮ ಎಷ್ಟೋ ಕಂಪನಿಗಳಿವೆ. ನಾವು ಹೇಳದಿದ್ದರೆ ಮೇಲಿನವರಿಗೆ ತಿಳಿಯುವ ದಾರಿಯೇ ಇಲ್ಲ. ಡೆಲಿವರಿಯ ಜೊತೆಗೆ ಲೈಸೆನ್ಸ್ ಪಟ್ಟಿ ಕೊಡುವುದನ್ನು ಗಿರಾಕಿ ಕೇಳಿದರೆ ನೋಡೋಣ ಎಂದು ಬಿಡಬೇಡಿ.

ಸರ್ವರಿನಲ್ಲೇ ಓಡುತ್ತದೆ, ಯಾರಿಗೂ ಕೊಡುವುದಿಲ್ಲ ಅನ್ನುವವರು ಎಜಿಪಿಎಲ್ ಅನ್ನು ಗಮನಿಸಬೇಕು. ಅದರ 13ನೇ ಕಲಮಿನ ಪ್ರಕಾರ, ಬದಲಿಸಿದ ಪ್ರೋಗ್ರಾಮನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಸಿಗಬೇಕು. ಇನ್‌ವಾಯ್ಸ್ ಪಿಡಿಎಫ್ ತಯಾರಿಸಲು ಜಾವಾ ತಂಡಗಳು ಕಣ್ಣು ಮುಚ್ಚಿ ಸೇರಿಸಿಕೊಳ್ಳುವ ಐಟೆಕ್ಸ್ಟ್ ಇದಕ್ಕೆ ನಮ್ಮ ಕೈಗೆಟುಕುವ ಉದಾಹರಣೆ. ಅದರ ಹಳೆಯ ಆವೃತ್ತಿಗಳು ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಅಡಿಯಲ್ಲಿದ್ದವು. 2009ರಲ್ಲಿ 5ನೇ ಆವೃತ್ತಿಯಿಂದ ಅದು ಎಜಿಪಿಎಲ್ ಆಯಿತು, ಜೊತೆಗೆ ಹಣ ಕೊಟ್ಟವರಿಗೆ ಕಮರ್ಷಿಯಲ್ ಲೈಸೆನ್ಸ್. ಯಾವುದೋ ಹಳೆಯ ಉತ್ತರ ನೋಡಿ ಡಿಪೆಂಡೆನ್ಸಿ ಸೇರಿಸಿದವರು ಆವೃತ್ತಿಯ ಅಂಕಿಯನ್ನು ಮಾತ್ರ ಮುಂದಕ್ಕೆ ಸರಿಸಿದರು. ಲೈಸೆನ್ಸ್ ಬದಲಾದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಇಲ್ಲಿ ದಾರಿಗಳು ಸ್ಪಷ್ಟವಾಗಿವೆ. ಹಳೆಯ ಕವಲಿನಿಂದ ಬೆಳೆದ ಓಪನ್‌ಪಿಡಿಎಫ್ ಇದೆ, ಅಪಾಚೆಯ ಪಿಡಿಎಫ್‌ಬಾಕ್ಸ್ ಇದೆ. ಐಟೆಕ್ಸ್ಟೇ ಬೇಕು ಅನ್ನುವಷ್ಟು ಅದು ನಿಮ್ಮ ಕೆಲಸ ಉಳಿಸಿದೆಯಾದರೆ ಲೈಸೆನ್ಸ್ ಕೊಳ್ಳಿ. ಬರೆದವರಿಗೆ ದುಡ್ಡು ಹೋಗುವುದರಲ್ಲಿ ಯಾವ ನಷ್ಟವೂ ಇಲ್ಲ, ಬಜೆಟ್ ಕೇಳುವ ಧೈರ್ಯವನ್ನು ನೀವು ಮಾಡಬೇಕು ಅಷ್ಟೆ.

ಹೀಗೆ ಬದಲಿ ಹುಡುಕುವುದೇ ಬಹಳಷ್ಟು ಸಲ ಅತ್ಯಂತ ಅಗ್ಗದ ದಾರಿ. ಪೈಥಾನ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್ ಬರೆಯುವವರಿಗೆ ಪೈಕ್ಯೂಟಿ ಜಿಪಿಎಲ್ ಆದರೆ ಪೈಸೈಡ್ ಎಲ್‌ಜಿಪಿಎಲ್. ಎರಡರ ಬಳಕೆಯೂ ಹೆಚ್ಚುಕಡಿಮೆ ಒಂದೇ ತರಹ. ಕೆಲವು ಸಲ ಲೈಬ್ರರಿ ಬದಲಿಸುವುದೂ ಬೇಡ, ಬಿಲ್ಡ್ ಮಾಡುವ ರೀತಿ ಬದಲಿಸಿದರೆ ಸಾಕು. ಎಫ್‌ಎಫ್‌ಎಂಪೆಗ್ ತಾನಾಗಿ ಎಲ್‌ಜಿಪಿಎಲ್. ಎಕ್ಸ್264 ಬೇಕೆಂದು ‘ಎನೇಬಲ್ ಜಿಪಿಎಲ್’ ಫ್ಲ್ಯಾಗ್ ಹಾಕಿ ಬಿಲ್ಡ್ ಮಾಡಿದರೆ ಇಡೀ ಬೈನರಿ ಜಿಪಿಎಲ್ ಆಗುತ್ತದೆ. ‘ಎನೇಬಲ್ ನಾನ್‌ಫ್ರೀ’ ಹಾಕಿದರೆ ಆ ಬೈನರಿಯನ್ನು ಯಾರಿಗೂ ಹಂಚುವಂತೆಯೇ ಇಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕ ರೆಡಿಮೇಡ್ ಬೈನರಿಯನ್ನು ಆ್ಯಪ್‌ನೊಳಗೆ ಇಟ್ಟಿರುವ ತಂಡಗಳು ಅದು ಯಾವ ಫ್ಲ್ಯಾಗ್‌ಗಳಿಂದ ಆದದ್ದು ಎಂದು ಇವತ್ತೇ ನೋಡಲಿ. ಎಲ್‌ಜಿಪಿಎಲ್ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಬೆಸೆದು ಕೊಡುವವರೂ ಜ್ಞಾಪಕದಲ್ಲಿಡಬೇಕಾದದ್ದು ಇದೆ. ಬಳಕೆದಾರರು ಆ ಲೈಬ್ರರಿಯ ಬದಲಿಸಿದ ಆವೃತ್ತಿಯನ್ನು ಹಾಕಿ ಮತ್ತೆ ಲಿಂಕ್ ಮಾಡಿಕೊಳ್ಳುವಷ್ಟು ಸಾಮಗ್ರಿಯನ್ನು ನೀವು ಕೊಡಬೇಕಾಗುತ್ತದೆ.

ಬದಲಿ ಇಲ್ಲದಿದ್ದರೆ? ಆಗ ಬರೆದವರನ್ನು ಕೇಳಬೇಕು. ಈ ದಾರಿಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಲೈಬ್ರರಿ ಅನ್ನುವುದು ಎಲ್ಲಿಂದಲೋ ತಾನಾಗಿ ಬಂದು ಬಿದ್ದದ್ದು ಎಂಬ ಭಾವನೆ ನಮ್ಮ ತಂಡಗಳಲ್ಲಿ ಬೆಳೆದುಬಿಟ್ಟಿದೆ. ಅದರ ಹಿಂದೆ ಮನುಷ್ಯರಿದ್ದಾರೆ, ಅವರಿಗೆ ಇಮೇಲ್ ವಿಳಾಸವಿದೆ, ಸಭ್ಯವಾಗಿ ಕೇಳಿದರೆ ಬಹಳ ಮಂದಿ ಉತ್ತರಿಸುತ್ತಾರೆ.

ಇದರ ಹಳೆಯ ಉದಾಹರಣೆಯೊಂದು 1992ರದು. ಕಾಮನ್ ಲಿಸ್ಪ್ ಭಾಷೆಯ ಸಿಲಿಸ್ಪ್ ಎಂಬ ಅನುಷ್ಠಾನವನ್ನು ಬರೆದ ಜರ್ಮನಿಯ ಬ್ರೂನೋ ಹೈಬ್ಲೆ ಅದರಲ್ಲಿ ಜಿಎನ್‌ಯು ರೀಡ್‌ಲೈನ್ ಬಳಸಿದ್ದರು. ರೀಡ್‌ಲೈನ್ ಜಿಪಿಎಲ್, ಸಿಲಿಸ್ಪ್ ಅಲ್ಲ. ರಿಚರ್ಡ್ ಸ್ಟಾಲ್ಮನ್ ಅದನ್ನು ಎತ್ತಿ ತೋರಿಸಿದರು, ಇಬ್ಬರ ನಡುವೆ ಪತ್ರಗಳು ಓಡಾಡಿದವು. ಹೈಬ್ಲೆ ಮೊದಲು ಒಪ್ಪಲಿಲ್ಲ, ತಾಂತ್ರಿಕ ವಾದಗಳನ್ನು ಮುಂದಿಟ್ಟರು. ಕೊನೆಗೆ ಸಿಲಿಸ್ಪ್ ಅನ್ನೇ ಜಿಪಿಎಲ್ ಅಡಿಗೆ ತಂದರು. ಆ ಪತ್ರವ್ಯವಹಾರವನ್ನು ಸಿಲಿಸ್ಪ್ ಜೊತೆಗೇ ಇಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಸೋತವರು ಗೆದ್ದವರು ಎಂಬ ಲೆಕ್ಕಕ್ಕಿಂತ, ಭಿನ್ನಾಭಿಪ್ರಾಯವಿದ್ದ ಇಬ್ಬರು ಕಾರಣ ಕೊಟ್ಟು ವಾದಿಸಿ ಒಂದು ತೀರ್ಮಾನಕ್ಕೆ ಬಂದದ್ದು ಅಲ್ಲಿ ಕಾಣುತ್ತದೆ.

ನಾವೆಲ್ಲ ಸಿನಿಮಾ ನೋಡಿರುವ ವಿಎಲ್‌ಸಿ ಪ್ಲೇಯರಿನದು ಇನ್ನೂ ದೊಡ್ಡ ಕಥೆ. 2011ರ ಜನವರಿಯಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರಿನಿಂದ ವಿಎಲ್‌ಸಿಯನ್ನು ತೆಗೆದುಹಾಕಿದರು. ಜಿಪಿಎಲ್ ಕೊಡುವ ಸ್ವಾತಂತ್ರ್ಯವೂ ಆ ಸ್ಟೋರಿನ ಷರತ್ತುಗಳೂ ಕೂಡುವುದಿಲ್ಲ ಎಂದು ವಿಎಲ್‌ಸಿಗೆ ಕೋಡ್ ಬರೆದವರಲ್ಲೇ ಒಬ್ಬರು ದೂರು ಕೊಟ್ಟಿದ್ದರು. ಯೋಜನೆಯವರು ಏನು ಮಾಡಿದರು? ಪ್ಲೇಯರಿನ ಮೂಲ ಎಂಜಿನ್ ಅನ್ನು ಎಲ್‌ಜಿಪಿಎಲ್‌ಗೆ ತರಲು, ವರ್ಷಗಳಿಂದ ಸಾಲುಗಳನ್ನು ಸೇರಿಸಿದ್ದ ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳಿದರು. ತಿಂಗಳುಗಳೇ ಹಿಡಿದವು. 2013ರಲ್ಲಿ ವಿಎಲ್‌ಸಿ ಐಫೋನಿಗೆ ಮರಳಿತು. ಓಪನ್‌ಎಸ್‌ಎಸ್‌ಎಲ್‌ನದೂ ಇದೇ ಹಾದಿ. ಅದರ ಹಳೆಯ ಲೈಸೆನ್ಸಿನಲ್ಲಿದ್ದ ಜಾಹೀರಾತಿನ ಷರತ್ತು ಜಿಪಿಎಲ್‌ಗೆ ಹೊಂದುತ್ತಿರಲಿಲ್ಲ. ಡಬ್ಲ್ಯುಗೆಟ್‌ನಂಥ ಜಿಪಿಎಲ್ ಪ್ರೋಗ್ರಾಮುಗಳು ಓಪನ್‌ಎಸ್‌ಎಸ್‌ಎಲ್ ಜೊತೆ ಲಿಂಕ್ ಆಗಲು ತಮ್ಮ ಲೈಸೆನ್ಸಿಗೇ ಒಂದು ವಿನಾಯಿತಿ ಬರೆದುಕೊಳ್ಳಬೇಕಾಗಿತ್ತು. 2017ರಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡ ಸುಮಾರು 400 ಕೊಡುಗೆದಾರರಿಗೆ ಪತ್ರ ಕಳಿಸಲು ತೊಡಗಿತು. 2021ರ ಸೆಪ್ಟೆಂಬರಿನಲ್ಲಿ 3.0 ಆವೃತ್ತಿ ಅಪಾಚೆ 2.0 ಅಡಿಯಲ್ಲಿ ಬಂತು. ಉತ್ತರ ಬರದಿದ್ದರೆ ಒಪ್ಪಿದ್ದಾರೆ ಎಂದೇ ತಿಳಿಯುತ್ತೇವೆ ಎಂದು ಆ ಪತ್ರದಲ್ಲಿ ಬರೆದದ್ದಕ್ಕೆ ಕಟು ಟೀಕೆ ಬಂತು. ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಮೌನವನ್ನು ಸಹಿ ಎಂದು ಎಣಿಸಲು ಬರುವುದಿಲ್ಲ.

ನೀವು ಕೇಳುವುದು ಇಷ್ಟು ದೊಡ್ಡದಿರುವುದಿಲ್ಲ. ‘ನಿಮ್ಮ ಲೈಬ್ರರಿಯಲ್ಲಿ ಲೈಸೆನ್ಸ್ ಫೈಲ್ ಇಲ್ಲ, ಯಾವ ಷರತ್ತಿನಲ್ಲಿ ಕೊಡುತ್ತಿದ್ದೀರಿ ಎಂದು ತಿಳಿಸುತ್ತೀರಾ’ ಎಂಬ ಎರಡು ಸಾಲಿನ ಪತ್ರವೇ ಬಹಳ ಸಲ ಸಾಕು. ಲೈಸೆನ್ಸ್ ಇಲ್ಲದ ಕೋಡ್ ಯಾರು ಬೇಕಾದರೂ ಬಳಸಬಹುದಾದ ಕೋಡ್ ಎಂಬ ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲಿ ಬಹಳವಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ಬರೆದ ಕ್ಷಣದಿಂದ ಹಕ್ಕು ಬರೆದವರದು, ನೋಂದಣಿಯ ಅಗತ್ಯವಿಲ್ಲ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇದ್ದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋದಿಂದ ನಕಲು ಮಾಡುವ ತುಣುಕುಗಳಿಗೂ ಷರತ್ತು ಇದೆ, ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ: ಹೆಸರು ಹೇಳಬೇಕು, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡಬೇಕು. ಎರಡು ಸಾಲಿನ ತುಣುಕಿಗೆ ತಲೆಕೆಡಿಸಿಕೊಳ್ಳಿ ಎನ್ನುತ್ತಿಲ್ಲ. ಇಡೀ ಕ್ಲಾಸನ್ನು ಎತ್ತಿಕೊಂಡಿದ್ದರೆ ಕಾಮೆಂಟಿನಲ್ಲಿ ಎಲ್ಲಿಂದ ಎಂದು ಬರೆಯಲು ಹೇಳಿ, ಸಾಧ್ಯವಾದರೆ ಅದನ್ನು ಓದಿ ಅರ್ಥ ಮಾಡಿಕೊಂಡು ಸ್ವಂತವಾಗಿ ಬರೆಯಲು ಹೇಳಿ.

ಕನ್ನಡದಲ್ಲಿ ಕೆಲಸ ಮಾಡುವ ತಂಡಗಳಿಗೆ ಇಲ್ಲೇ ಒಂದು ಮಾತು. ಫಾಂಟ್ ಕೂಡ ಡಿಪೆಂಡೆನ್ಸಿಯೇ. ಲೋಹಿತ್ ಫಾಂಟ್‌ಗಳು ಮೊದಲು ಜಿಪಿಎಲ್‌ನಲ್ಲಿದ್ದು, 2011ರಲ್ಲಿ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿಗೆ ಬಂದವು. ಈ ಲೈಸೆನ್ಸಿನ ಫಾಂಟನ್ನು ಆ್ಯಪಿನೊಳಗೋ ಪಿಡಿಎಫ್‌ನೊಳಗೋ ಇಟ್ಟು ಕೊಡಬಹುದು. ನಿಮ್ಮ ಆ್ಯಪ್ ಆಗಲಿ ದಾಖಲೆಯಾಗಲಿ ಅದರ ಷರತ್ತಿಗೆ ಒಳಪಡುವುದಿಲ್ಲ. ಫಾಂಟನ್ನು ಮಾತ್ರ ಬಿಡಿಯಾಗಿ ಮಾರುವಂತಿಲ್ಲ. ಯಾರದೋ ಪೆನ್‌ಡ್ರೈವ್‌ನಿಂದ ಬಂದ, ಯಾರದೆಂದು ಗೊತ್ತಿಲ್ಲದ ಫಾಂಟನ್ನು ಸರ್ಕಾರಿ ಆ್ಯಪ್‌ಗೂ ಹಾಕುವ ರೂಢಿ ನಿಲ್ಲಬೇಕು.

ಒಂದು ಸಂಗತಿಯನ್ನು ಖಂಡಿತವಾಗಿ ಹೇಳಬೇಕಾಗಿದೆ. ಸಂಘರ್ಷ ಗೊತ್ತಾದ ಮೇಲೆ ಅದನ್ನು ಮುಚ್ಚಿಡುವುದು ಪರಿಹಾರವಲ್ಲ. ಫೈಲಿನ ತಲೆಯಲ್ಲಿರುವ ಕಾಪಿರೈಟ್ ಸಾಲುಗಳನ್ನು ಅಳಿಸುವುದು, ಫೋಲ್ಡರಿನ ಹೆಸರು ಬದಲಿಸಿ ಸ್ಕ್ಯಾನರಿನ ಕಣ್ಣು ತಪ್ಪಿಸುವುದು, ವೇರಿಯಬಲ್ ಹೆಸರು ತಿದ್ದಿ ‘ನಾವೇ ಬರೆದದ್ದು’ ಅನ್ನುವುದು, ಇವೆಲ್ಲ ನಡೆಯುತ್ತವೆ. ಡೆಡ್‌ಲೈನ್ ಒತ್ತಡದಲ್ಲಿ ನಡೆಯುತ್ತವೆ, ಒಳ್ಳೆಯ ಹುಡುಗರ ಕೈಯಿಂದಲೇ ನಡೆಯುತ್ತವೆ. ಎಂಐಟಿಯಂಥ ಅತ್ಯಂತ ಉದಾರ ಲೈಸೆನ್ಸ್ ಕೂಡ ಕೇಳುವುದು ಒಂದನ್ನೇ: ನನ್ನ ಹೆಸರು ಮತ್ತು ಈ ಟಿಪ್ಪಣಿಯನ್ನು ಅಳಿಸಬೇಡಿ. ಅದನ್ನೂ ಅಳಿಸಿದರೆ ಕಾಯಿದೆಯ ಮಾತು ಹಾಗಿರಲಿ, ಇನ್ನೊಬ್ಬ ಎಂಜಿನಿಯರಿನ ಕೆಲಸವನ್ನು ನಮ್ಮದೆಂದು ಹೇಳಿದಂತಾಯಿತು. 2008ರಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಕೋರ್ಟ್ ಜೇಕಬ್ಸನ್ ಮತ್ತು ಕ್ಯಾಟ್ಜರ್ ಮೊಕದ್ದಮೆಯಲ್ಲಿ, ಬಿಟ್ಟಿಯಾಗಿ ಕೊಟ್ಟ ಕೋಡಿನ ಷರತ್ತುಗಳೂ ಕೃತಿಸ್ವಾಮ್ಯದ ಬಲವುಳ್ಳ ಷರತ್ತುಗಳೇ ಎಂದು ತೀರ್ಪು ಕೊಟ್ಟಿತು. ಮಾದರಿ ರೈಲುಗಳನ್ನು ಓಡಿಸುವ ಹವ್ಯಾಸಿಗಳ ಸಾಫ್ಟ್‌ವೇರ್ ಅದು. ದೊಡ್ಡ ಕಂಪನಿಯ ಬೆಂಬಲ ಅದಕ್ಕೆ ಇರಲಿಲ್ಲ.

ಲೈಸೆನ್ಸ್ ಒಮ್ಮೆ ನೋಡಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಮಾಂಗೋಡಿಬಿ 2018ರಲ್ಲಿ, ಎಲಾಸ್ಟಿಕ್‌ಸರ್ಚ್ 2021ರಲ್ಲಿ, ಟೆರಾಫಾರ್ಮ್ 2023ರಲ್ಲಿ, ರೆಡಿಸ್ 2024ರಲ್ಲಿ ಲೈಸೆನ್ಸ್ ಬದಲಿಸಿದವು. ಇವುಗಳಲ್ಲಿ ಎಲಾಸ್ಟಿಕ್‌ಸರ್ಚ್ ಮತ್ತು ರೆಡಿಸ್ ಆಮೇಲೆ ಎಜಿಪಿಎಲ್ ಆಯ್ಕೆಯನ್ನೂ ಕೊಟ್ಟವು. ಹಳೆಯ ಆವೃತ್ತಿಯನ್ನು ಹಳೆಯ ಷರತ್ತಿನಲ್ಲೇ ಬಳಸಬಹುದು, ಹೊಸದಕ್ಕೆ ಏರುವ ದಿನ ಮತ್ತೆ ಓದಬೇಕು. ಆವೃತ್ತಿ ಏರಿಸುವ ಬಾಟ್‌ಗಳು ದಿನಾ ಪುಲ್ ರಿಕ್ವೆಸ್ಟ್ ಕಳಿಸುವ ಈ ಕಾಲದಲ್ಲಿ ಲೈಸೆನ್ಸ್ ಬದಲಾದರೆ ಬಿಲ್ಡ್ ನಿಲ್ಲುವಂತೆ ಒಂದು ತಪಾಸಣೆ ಇರಲೇಬೇಕು.

ಅದಕ್ಕೆ ಸಲಕರಣೆಗಳಿಗೆ ಬರವಿಲ್ಲ. ಸ್ಕ್ಯಾನ್‌ಕೋಡ್, ಫಾಸಾಲಜಿ ಎರಡೂ ಫೈಲುಗಳ ಒಳಗೆ ಹೊಕ್ಕು ಓದುತ್ತವೆ, ಮೆಟಾಡೇಟಾದಲ್ಲಿ ಬರೆದದ್ದನ್ನಷ್ಟೇ ನಂಬಿ ಕೂರುವುದಿಲ್ಲ. ಲೈಸೆನ್ಸ್ ಹೆಸರುಗಳನ್ನು ಒಂದೇ ರೀತಿ ಬರೆಯಲು ಎಸ್‌ಪಿಡಿಎಕ್ಸ್ ಇದೆ, 2021ರಿಂದ ಅದು ಐಎಸ್‌ಒ ಮಾನದಂಡ. ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಪಟ್ಟಿಯನ್ನು, ಅಂದರೆ ಎಸ್‌ಬಾಮ್ ಅನ್ನು, ತಯಾರಿಸುವ ಬಗ್ಗೆ ನಮ್ಮ ಸರ್ಟ್-ಇನ್ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಷೇರು ಮಾರುಕಟ್ಟೆಯ ಸಂಸ್ಥೆಗಳಿಗೆ ಸೆಬಿ ಅದೇ ವರ್ಷ ತಂದ ಸೈಬರ್ ಸುರಕ್ಷತಾ ಚೌಕಟ್ಟಿನಲ್ಲೂ ಎಸ್‌ಬಾಮ್ ಇದೆ. ಸುರಕ್ಷತೆಗಾಗಿ ಹೇಗೂ ಆ ಪಟ್ಟಿ ಮಾಡುತ್ತೀರಿ. ಅದರಲ್ಲಿ ಲೈಸೆನ್ಸ್ ಕಾಲಮ್ಮನ್ನು ಖಾಲಿ ಬಿಡಬೇಡಿ.

ಸಲಕರಣೆ ಹೇಳುವುದು ಇಂಥಲ್ಲಿ ಇಂಥ ಲೈಸೆನ್ಸ್ ಇದೆ ಎಂಬುದನ್ನು ಮಾತ್ರ. ಆ ಫೈಲ್ ನಿಮ್ಮ ಪ್ರೋಗ್ರಾಮಿಗೆ ಲಿಂಕ್ ಆಗಿದೆಯೋ, ಬರೀ ಟೆಸ್ಟ್ ಓಡಿಸಲು ಇದೆಯೋ, ಬೇರೆ ಪ್ರೊಸೆಸ್ ಆಗಿ ಓಡುತ್ತದೆಯೋ, ಗಿರಾಕಿಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಗೊತ್ತಿರುವುದು ನಿಮಗೆ. ಲಾಯರು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಯೂ ಅದೇ. ಉತ್ತರವನ್ನು ಪುಲ್ ರಿಕ್ವೆಸ್ಟಿನಲ್ಲೇ ಬರೆಸಿಟ್ಟಿದ್ದರೆ ಆಮೇಲೆ ಯಾರನ್ನೂ ಹುಡುಕಬೇಕಾಗಿಲ್ಲ. ಬರೆದವರು ಕಂಪನಿ ಬಿಟ್ಟು ಹೋಗಿದ್ದರೂ ಕಾರಣ ಅಲ್ಲೇ ಇರುತ್ತದೆ.

ಮುಂದಿನ ಸ್ಪ್ರಿಂಟಿನಲ್ಲಿ ಇದಕ್ಕೆಂದೇ ಒಂದು ಟಿಕೆಟ್ ತೆರೆಯಿರಿ, ಅದಕ್ಕೆ ನಿಜವಾದ ಸಮಯ ಕೊಡಿ. ತಂಡದ ಅತ್ಯಂತ ಕಿರಿಯರಿಗೆ ವಹಿಸಿ, ಆದರೆ ನೀವೂ ಪಕ್ಕದಲ್ಲಿ ಕೂತು ಲಾಕ್‌ಫೈಲ್ ತೆರೆಯಿರಿ. ಗಿರಾಕಿಗೆ ಹೋಗುವ ಭಾಗದಿಂದ ಶುರು ಮಾಡಿ. ಅರ್ಥವಾಗದ ಲೈಸೆನ್ಸ್ ಸಿಕ್ಕರೆ ಪೂರ್ತಿ ಓದಿ. ಎಂಐಟಿ ಒಂದು ಪುಟವೂ ಇಲ್ಲ, ಜಿಪಿಎಲ್ ಒಂದು ಮಧ್ಯಾಹ್ನದ ಓದು. ತೊಡಕು ಕಂಡರೆ ಅದನ್ನು ಮೊದಲು ನಿಮ್ಮ ಮ್ಯಾನೇಜರಿಗೂ ಆಮೇಲೆ ಆ ಲೈಬ್ರರಿ ಬರೆದವರಿಗೂ ತಿಳಿಸಿ. ಕಂಡುಹಿಡಿದ ಹುಡುಗಿಯನ್ನೋ ಹುಡುಗನನ್ನೋ ರಿಲೀಸ್ ತಡ ಮಾಡಿದವರೆಂದು ಯಾರಾದರೂ ದೂರಿದರೆ, ಆ ಮೀಟಿಂಗಿನಲ್ಲಿ ಅವರ ಪರವಾಗಿ ಮಾತನಾಡಬೇಕಾದವರೂ ನೀವೇ.

ಇಂತಿ,
ನಿಮ್ಮ ಹಾಗೆಯೇ ಪುಲ್ ರಿಕ್ವೆಸ್ಟ್‌ಗಳನ್ನು ಓದುವ ಒಬ್ಬ ಎಂಜಿನಿಯರ್
ಬೆಂಗಳೂರು